ಐದು ಡಾಲರಿನ ಚಿತ್ರ, ಅಂಚೆ ಇಲಾಖೆಯ ತಕರಾರು

ಗ್ರ್ಯಾಂಟ್ ವುಡ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗೋದು 1930ರ 'ಅಮೆರಿಕನ್ ಗೋಥಿಕ್'. ಕವೆಗೋಲು ಹಿಡಿದು ನಿಂತ ರೈತ, ಪಕ್ಕದಲ್ಲಿ ಬಿಗಿದ ಮುಖದ ಹೆಣ್ಣುಮಗಳು. ಇವತ್ತು ನಾವು ಮಾತಾಡೋದು ಅದರ ಬಗ್ಗೆ ಅಲ್ಲ. ಅಯೋವಾದ ಈ ಕಲಾವಿದ ಕೊನೆಯ ವರ್ಷಗಳಲ್ಲಿ ಮಾಡಿದ ಕಲ್ಲಚ್ಚಿನ ಚಿತ್ರಗಳ ಬಗ್ಗೆ.

ಕಲ್ಲಚ್ಚು ಅಂದ್ರೆ ಲಿಥೋಗ್ರಾಫ್. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬಿಡಿಸ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದಾಗ ಜಿಡ್ಡಿರೋ ಕಡೆ ಮಾತ್ರ ಶಾಯಿ ಹಿಡಿಯುತ್ತೆ. ಹಾಗಾಗಿ ಒಂದೇ ಕಲ್ಲಿನಿಂದ ನೂರಾರು ಪ್ರತಿ ತೆಗೀಬಹುದು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಚಿತ್ರ ಕೊಳ್ಳೋಕೆ ದುಡ್ಡೆಲ್ಲಿ? 1934ರಲ್ಲಿ ರೀವ್ಸ್ ಲೂವೆಂಥಾಲ್ ನ್ಯೂಯಾರ್ಕ್‌ನಲ್ಲಿ 'ಅಸೋಸಿಯೇಟೆಡ್ ಅಮೆರಿಕನ್ ಆರ್ಟಿಸ್ಟ್ಸ್' ಶುರು ಮಾಡಿದರು. ಕಲಾವಿದರ ಸಹಿ ಇರೋ ಅಚ್ಚುಚಿತ್ರ, ಬೆಲೆ ಬರೀ 5 ಡಾಲರ್. ಮೊದಲು ದೊಡ್ಡ ಅಂಗಡಿಗಳಲ್ಲಿ, ಆಮೇಲೆ ಅಂಚೆಯಲ್ಲಿ. ಗ್ಯಾಲರಿ ಮೆಟ್ಟಿಲು ಹತ್ತದವರ ಮನೆಗೂ ಕಲೆ ಬಂತು.

ವುಡ್ 1937ರಿಂದ ಇವರಿಗಾಗಿ ಚಿತ್ರ ಮಾಡಿದರು. 'ಜನವರಿ'ಯಲ್ಲಿ ಹಿಮ ಹೊದ್ದ ಜೋಳದ ಸಿವುಡುಗಳು ಗುಡಿಸಲುಗಳ ಹಾಗೆ ಸಾಲಾಗಿ ನಿಂತಿವೆ. 'ಟ್ರೀ ಪ್ಲಾಂಟಿಂಗ್ ಗ್ರೂಪ್'ನಲ್ಲಿ ಹಳ್ಳಿ ಶಾಲೆಯ ಮಕ್ಕಳು ಗಿಡ ನೆಡ್ತಾರೆ. ನೋಡಿ, ಎಲ್ಲವೂ ಅಚ್ಚುಕಟ್ಟು. ಕುಸಿತದ ಸಂಕಟದ ಸುಳಿವೇ ಇಲ್ಲ.

ಹಾಗಾದ್ರೆ ಜಗಳ ಎಲ್ಲಿ ಬಂತು? 'ಸಲ್ಟ್ರಿ ನೈಟ್', ಅಂದ್ರೆ ಸೆಕೆಯ ರಾತ್ರಿ ಅನ್ನೋ ಚಿತ್ರದಲ್ಲಿ. ದಿನವಿಡೀ ದುಡಿದ ರೈತ ಕುದುರೆಗಳ ನೀರಿನ ತೊಟ್ಟಿ ಪಕ್ಕ ಬೆತ್ತಲೆ ನಿಂತು ಬಕೆಟ್ಟಿನಿಂದ ಮೈಮೇಲೆ ನೀರು ಸುರಿದುಕೊಳ್ತಿದ್ದಾನೆ. ಬಚ್ಚಲುಮನೆ ಇಲ್ಲದ ಹೊಲಮನೆಗಳಲ್ಲಿ, ಬಿಸಿಲಿಗೆ ಬೆಚ್ಚಗಾದ ತೊಟ್ಟಿ ನೀರೇ ಸ್ನಾನಕ್ಕೆ. ವುಡ್ ಬಾಲ್ಯದಲ್ಲಿ ಕಂಡಿದ್ದನ್ನೇ ಬರೆದಿದ್ದರು.

ಅಂಚೆ ಇಲಾಖೆ ಇದನ್ನು ಅಶ್ಲೀಲ ಅಂತ ತಡೀತು. ಸಾಮಾನ್ಯವಾಗಿ 250 ಪ್ರತಿ ತೆಗೀತಿದ್ದವರು ಇದನ್ನು 100ಕ್ಕೆ ನಿಲ್ಲಿಸಿದರು. ಇದೇ ದೃಶ್ಯದ ವರ್ಣಚಿತ್ರದಿಂದ ವುಡ್ ಆ ರೈತನ ಭಾಗವನ್ನೇ ಕತ್ತರಿಸಿ ತೆಗೆದರು.

ಇಲ್ಲಿ ಯೋಚಿಸಬೇಕಾದ ವಿಷಯ ಇದು. ಹಿಮ ಬಿದ್ದ ಹೊಲಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆ ಹೊಲದಲ್ಲಿ ದುಡಿದ ಮೈ ಕಂಡಾಗ ಮಾತ್ರ ಆಕ್ಷೇಪ ಬಂತು. ಕಲೆಯನ್ನು ಮನೆ ಬಾಗಿಲಿಗೆ ತಂದ ಅಂಚೆಯವರೇ, ಯಾವ ಹಳ್ಳಿಯನ್ನು ಜನ ನೋಡಬೇಕು ಅನ್ನೋದನ್ನೂ ತೀರ್ಮಾನಿಸಿದರು.

ವುಡ್ ತೀರಿಕೊಂಡಿದ್ದು 1942ರ ಫೆಬ್ರವರಿ 12ರಂದು, 51 ತುಂಬೋಕೆ ಒಂದೇ ದಿನ ಇತ್ತು. ಸಾಧ್ಯವಾದ್ರೆ 'ಜನವರಿ' ಮತ್ತು 'ಸಲ್ಟ್ರಿ ನೈಟ್' ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.