ಹಾಡು, ಹಬ್ಬ ಮತ್ತು ಇಂಗ್ಲಿಷ್ ಪಾಠ

ಕನ್ನಡ ಮಾಧ್ಯಮದ ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಬಹುಮಟ್ಟಿಗೆ ಕಣ್ಣಿನ ಭಾಷೆಯಾಗಿ ಉಳಿದಿದೆಯೇ ಹೊರತು ಕಿವಿಯ ಭಾಷೆಯಾಗಿಲ್ಲ. ವಿದ್ಯಾರ್ಥಿಯು ಅದನ್ನು ಕಪ್ಪುಹಲಗೆಯ ಮೇಲೆ ಕಾಣುತ್ತಾನೆ, ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತಾನೆ. ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷಾವಿಷಯವಾಗಿ ಕಲಿಸಲಾಗುತ್ತಿದೆ. ಎಂದರೆ ಎಂಟನೆಯ ತರಗತಿಗೆ ಕಾಲಿಡುವ ಹುಡುಗನಿಗೆ ಆ ಭಾಷೆಯೊಡನೆ ಏಳು ವರ್ಷಗಳ ಪರಿಚಯವಿರುತ್ತದೆ. ಆದರೂ ‘ನಿಮ್ಮೂರ ಜಾತ್ರೆ ಯಾವಾಗ?’ ಎಂಬಷ್ಟು ಸಣ್ಣ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ ಅವನು ತಲೆ ತಗ್ಗಿಸುತ್ತಾನೆ. ಇದು ಅಂಕಗಳ ಪ್ರಶ್ನೆಯಷ್ಟೇ ಅಲ್ಲ. ಹತ್ತನೆಯ ತರಗತಿಯಲ್ಲಿ ಗಣಿತ ವಿಜ್ಞಾನಗಳಲ್ಲಿ ಮುಂದಿದ್ದ ಹಳ್ಳಿಯ ಮಕ್ಕಳು ಕಾಲೇಜಿನ ಮೊದಲ ತಿಂಗಳಲ್ಲೇ ಮೂಕರಾಗುವುದನ್ನೂ, ಕೆಲವರು ತಮಗೆ ಪ್ರಿಯವಾದ ವಿಷಯವನ್ನೇ ತೊರೆಯುವುದನ್ನೂ ಪ್ರತಿಯೊಬ್ಬ ಅಧ್ಯಾಪಕನೂ ಬಲ್ಲ. ಅವರಲ್ಲಿ ಬುದ್ಧಿಗೆ ಕೊರತೆಯಿರಲಿಲ್ಲ. ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಹಾಡು ಮತ್ತು ಹಬ್ಬಗಳ ಮೂಲಕ ಇಂಗ್ಲಿಷ್ ಬೋಧಿಸುವ ಕ್ರಮವನ್ನು ಈ ಕೊರತೆಯ ಹಿನ್ನೆಲೆಯಲ್ಲಿಯೇ ವಿಚಾರ ಮಾಡಬೇಕು. ಅದನ್ನು ಶನಿವಾರದ ಮನರಂಜನೆಯೆಂದು ತಿಳಿದವರಿಗೆ ಅದರಿಂದ ದೊರೆಯುವುದೂ ಮನರಂಜನೆ ಮಾತ್ರ.

ಮೊದಲು ಹಾಡಿನ ಮಾತು. ಕನ್ನಡದ ನಡೆಯೇ ಬೇರೆ, ಇಂಗ್ಲಿಷಿನ ನಡೆಯೇ ಬೇರೆ. ನಮ್ಮಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರ ನ್ಯಾಯವಾದ ಪಾಲು ಸಲ್ಲುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಂಗ್ಲಿಷಿನಲ್ಲಿ ಅಂತಹ ಸಮಪಾಲಿಲ್ಲ. ಅಲ್ಲಿ ಒತ್ತು ಬಿದ್ದ ಅಕ್ಷರವೇ ಯಜಮಾನ, ಉಳಿದವು ಅದರ ಹಿಂದೆ ಓಡಿಬರುವ ಪರಿವಾರ. ‘ಕ್ಯಾಟ್ಸ್ ಚೇಸ್ ಮೈಸ್’ ಎಂಬ ಮೂರು ಶಬ್ದಗಳನ್ನು ಮೂರು ಚಪ್ಪಾಳೆಗಳಿಗೆ ಹೇಳಿಸಿರಿ. ಬಳಿಕ ‘ದ ಕ್ಯಾಟ್ಸ್ ಹ್ಯಾವ್ ಬೀನ್ ಚೇಸಿಂಗ್ ದ ಮೈಸ್’ ಎಂಬುದನ್ನೂ ಅದೇ ಮೂರು ಚಪ್ಪಾಳೆಗಳಿಗೆ ಹೇಳಿಸಿರಿ. ನಮ್ಮ ವಿದ್ಯಾರ್ಥಿಗಳು ಮೊದಲ ಸಲ ಎಂಟು ಚಪ್ಪಾಳೆ ಹೊಡೆಯುತ್ತಾರೆ, ಏಕೆಂದರೆ ‘ಹ್ಯಾವ್’ ಮತ್ತು ‘ಬೀನ್’ಗಳಿಗೂ ಕ್ಯಾಟಿನಷ್ಟೇ ಗೌರವ ಕೊಡುತ್ತಾರೆ. ಆ ಚಿಲ್ಲರೆ ಶಬ್ದಗಳನ್ನು ನುಂಗಿ ಮುಂದೆ ಓಡುವುದೇ ಇಂಗ್ಲಿಷಿನ ಲಯ. ‘ಕಂಫರ್ಟಬಲ್’ ಎಂಬುದನ್ನು ನಾವು ನಾಲ್ಕು ಸಮಭಾಗ ಮಾಡಿ ಉಚ್ಚರಿಸುತ್ತೇವೆ. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುವವರಲ್ಲಿ ಬಹುಜನರು ಅದನ್ನು ಮೂರಕ್ಕೇ ಮುಗಿಸುತ್ತಾರೆ. ನಮ್ಮ ಹುಡುಗರು ರೇಡಿಯೋ ದೂರದರ್ಶನಗಳ ಇಂಗ್ಲಿಷ್ ವಾರ್ತೆ ಅರ್ಥವಾಗುವುದಿಲ್ಲವೆಂದು ಹೇಳುವುದು ಶಬ್ದಜ್ಞಾನದ ಅಭಾವದಿಂದ ಮಾತ್ರವಲ್ಲ. ಬಲ್ಲ ಶಬ್ದಗಳನ್ನೇ ಅವರ ಕಿವಿ ಹಿಡಿಯಲಾರದು.

ಈ ಲಯವನ್ನು ವ್ಯಾಕರಣದ ಸೂತ್ರದಿಂದ ಕಲಿಸುವುದು ಕಷ್ಟ, ಹಾಡಿನಿಂದ ಸುಲಭ. ಹಾಡಿನಲ್ಲಿ ತಾಳದ ಪೆಟ್ಟು ಸಾಮಾನ್ಯವಾಗಿ ಒತ್ತಿನ ಅಕ್ಷರದ ಮೇಲೆಯೇ ಬೀಳುತ್ತದೆ, ದುರ್ಬಲ ಶಬ್ದಗಳು ನಡುವಿನ ಸಂದಿಯಲ್ಲಿ ನುಸುಳಿಹೋಗುತ್ತವೆ. ಭಜನೆಯಲ್ಲಿ ತಾಳ ಹಾಕಿ, ಕೋಲಾಟದಲ್ಲಿ ಕೋಲು ಕೂಡಿಸಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕೈ ತಾನಾಗಿ ಹಿಡಿಯುತ್ತದೆ. ಅಮೆರಿಕದ ಅಧ್ಯಾಪಕಿ ಕ್ಯಾರೊಲಿನ್ ಗ್ರಹಾಮ್ ಅವರು 1978ರಲ್ಲಿ ‘ಜಾಜ್ ಚಾಂಟ್ಸ್’ ಎಂಬ ಪುಸ್ತಕವನ್ನು ಹೊರತಂದು, ರಾಗವಿಲ್ಲದೆ ಬರಿಯ ತಾಳಕ್ಕೆ ದಿನಬಳಕೆಯ ಸಂಭಾಷಣೆಗಳನ್ನು ಹೇಳಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಹಾಡಲು ಬಾರದ ನನ್ನಂತಹ ಅಧ್ಯಾಪಕರಿಗೆ ಇದೊಂದು ವರದಾನ. ಮೇಜಿನ ಮೇಲೆ ಬೆರಳು ಬಡಿಯಬಲ್ಲ ಯಾರಿಗಾದರೂ ಇದು ಸಾಧ್ಯ.

ಆದರೆ ಒಂದು ಎಚ್ಚರಿಕೆ ಅಗತ್ಯ. ರಾಗವು ಹ್ರಸ್ವವನ್ನು ದೀರ್ಘವಾಗಿ ಎಳೆಯುತ್ತದೆ. ಪ್ರಾಸದ ಸಲುವಾಗಿ ಕವಿ ಶಬ್ದಗಳ ಸ್ಥಾನವನ್ನು ಪಲ್ಲಟಗೊಳಿಸುತ್ತಾನೆ. ಆದ್ದರಿಂದ ಹಾಡಿದ ಮೇಲೆ ಅದೇ ಸಾಲುಗಳನ್ನು ರಾಗವಿಲ್ಲದೆ ಮಾತಿನಂತೆ ಓದಿಸಬೇಕು, ಬಳಿಕ ಗದ್ಯವಾಗಿ ಬರೆಸಬೇಕು. ಈ ಎರಡು ಮೆಟ್ಟಿಲುಗಳನ್ನು ಬಿಟ್ಟರೆ ಹಾಡು ಗಿಳಿಪಾಠವಾಗುತ್ತದೆ. ‘ಟ್ವಿಂಕಲ್ ಟ್ವಿಂಕಲ್’ ಎಂಬ ಶಿಶುಗೀತೆ ನಮ್ಮ ನಾಡಿನಲ್ಲಿ ಆಗಿರುವುದು ಹಾಗೆಯೇ. ಅದು ಜೇನ್ ಟೇಲರ್ ಎಂಬ ಕವಯಿತ್ರಿ ಬರೆದು 1806ರಲ್ಲಿ ಪ್ರಕಟವಾದ ‘ದ ಸ್ಟಾರ್’ ಎಂಬ ಐದು ಪದ್ಯಗಳ ಕವನ. ಮೊದಲ ಪದ್ಯವನ್ನು ಕೋಟಿ ಮಕ್ಕಳು ಒಪ್ಪಿಸುತ್ತಾರೆ. ಕತ್ತಲಲ್ಲಿ ನಡೆವ ದಾರಿಹೋಕನು ನಕ್ಷತ್ರಕ್ಕೆ ಕೃತಜ್ಞನಾಗುವ ಮುಂದಿನ ಭಾಗವನ್ನು ಕೇಳಿದವರು ವಿರಳ. ಎಂಟನೆಯ ತರಗತಿಗೆ ಹೊಂದುವುದು ಆ ಮುಂದಿನ ಭಾಗವೇ.

ಪ್ರೌಢಶಾಲೆಯ ಮಕ್ಕಳಿಗೆ ಹಾಡನ್ನು ಆರಿಸುವಾಗ ಅವರ ವಯಸ್ಸಿನ ಮರ್ಯಾದೆಯನ್ನು ಕಾಯಬೇಕು. ಹದಿನೈದರ ಹುಡುಗನಿಗೆ ಶಿಶುವಿಹಾರದ ಕುಣಿತ ನಾಚಿಕೆ ತರುತ್ತದೆ. ‘ವಿ ಶಲ್ ಓವರ್‌ಕಮ್’ ಅಂತಹ ವಯಸ್ಸಿಗೆ ತಕ್ಕ ಹಾಡು. ಕನ್ನಡದಲ್ಲಿಯೂ ಹಿಂದಿಯಲ್ಲಿಯೂ ಅದರ ರೂಪಾಂತರವನ್ನು ನಮ್ಮ ಮಕ್ಕಳು ಮೊದಲೇ ಹಾಡಿರುವುದರಿಂದ ಅರ್ಥ ಕೈಯಲ್ಲಿರುತ್ತದೆ, ಹೊಸದಾಗಿ ಕಲಿಯಬೇಕಾದುದು ಭಾಷೆ ಮಾತ್ರ. ಅದರ ಚರಿತ್ರೆಯೂ ಹೇಳತಕ್ಕದ್ದೇ. ಚರ್ಚಿನ ಗೀತೆಗಳ ಪರಂಪರೆಯಿಂದ ಬಂದ ಈ ಹಾಡನ್ನು 1945-46ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ನಗರದ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಪ್ಪುಜನಾಂಗದ ಕೆಲಸಗಾರ್ತಿಯರು ಹಾಡಿದರು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ನೆರೆದ ಮಹಾಸಭೆಯಲ್ಲಿ ಜೋನ್ ಬಯಜ್ ಅದನ್ನು ಹಾಡಿಸಿದರು. ಮೊದಲು ‘ವಿಲ್’ ಎಂದಿದ್ದುದು ನಂತರ ‘ಶಲ್’ ಎಂದಾಯಿತು. ಆ ಬದಲಾವಣೆಯ ಶ್ರೇಯಸ್ಸನ್ನು ಸಾಮಾನ್ಯವಾಗಿ ಗಾಯಕ ಪೀಟ್ ಸೀಗರ್ ಅವರಿಗೆ ಸಲ್ಲಿಸುತ್ತಾರೆ. ಏಕೆ ಬದಲಾಯಿಸಿರಬಹುದು ಎಂದು ಕೇಳಿ ನೋಡಿರಿ. ‘ಶಲ್’ ಮತ್ತು ‘ವಿಲ್’ಗಳ ಭೇದವನ್ನು ಕೋಷ್ಟಕ ಬರೆದು ಕಲಿಸಿದಾಗ ತೂಕಡಿಸುವ ತರಗತಿಯೇ ಅಂದು ವಾದಕ್ಕೆ ನಿಲ್ಲುತ್ತದೆ.

ಭಾಷೆಯ ಬೆನ್ನ ಹಿಂದೆ ಸಂಸ್ಕೃತಿಯಿದೆ, ಸಂಸ್ಕೃತಿಯ ಬೆನ್ನ ಹಿಂದೆ ಹವಾಮಾನವೂ ಇದೆ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪ್ರಕಟವಾಯಿತು. ಅದರಲ್ಲಿನ ‘ವಸಂತ’ವನ್ನು ಓದಿ ಬೆಳೆದ ಕನ್ನಡಿಗರು ಅನೇಕರು. ಮೂಲ ಹದಿನಾರನೆಯ ಶತಮಾನದ ಥಾಮಸ್ ನ್ಯಾಷ್ ಕವಿಯದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಮಕ್ಕಳು ಮೊದಲು ಗುರುತಿಸುವುದು ಹಕ್ಕಿಗಳ ಕೂಗನ್ನು. ಅದನ್ನು ಆಚಾರ್ಯರು ಹೆಚ್ಚುಕಡಮೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಅಲ್ಲಿಂದ ಪಾಠ ತಾನಾಗಿ ಸಾಗುತ್ತದೆ. ಇಂಗ್ಲೆಂಡಿನ ವಸಂತ ಹಿಮದ ಸೆರೆಯಿಂದ ಬಿಡುಗಡೆ. ನಮ್ಮ ವಸಂತ ಯುಗಾದಿಯ ಮಾವಿನ ಚಿಗುರು, ಅದರ ಬೆನ್ನಿಗೇ ಉರಿಬಿಸಿಲು. ಷೇಕ್ಸ್‌ಪಿಯರ್ ತನ್ನ ಹದಿನೆಂಟನೆಯ ಸುನೀತದಲ್ಲಿ ಪ್ರಿಯವ್ಯಕ್ತಿಯನ್ನು ಬೇಸಿಗೆಯ ದಿನದೊಡನೆ ಹೋಲಿಸಲು ತೊಡಗುತ್ತಾನೆ. ಕಲಬುರ್ಗಿ ರಾಯಚೂರುಗಳ ಕಡೆಯ ವಿದ್ಯಾರ್ಥಿ ಅದನ್ನು ಬೈಗುಳವೆಂದು ತಿಳಿದರೆ ತಪ್ಪು ಅವನದಲ್ಲ. ಅದೇ ರೀತಿ, ಕ್ರಿಸ್ಮಸ್ಸಿನಲ್ಲಿ ಎಲ್ಲೆಡೆ ಕೇಳಿಬರುವ ‘ಜಿಂಗಲ್ ಬೆಲ್ಸ್’ ಹಾಡಿನಲ್ಲಿ ಕ್ರಿಸ್ಮಸ್ಸಿನ ಹೆಸರೇ ಇಲ್ಲ. 1857ರಲ್ಲಿ ಜೇಮ್ಸ್ ಪಿಯರ್‌ಪಾಂಟ್ ಪ್ರಕಟಿಸಿದ ಆ ಹಾಡು ಹಿಮದ ಮೇಲೆ ಜಾರುವ, ಚಕ್ರಗಳಿಲ್ಲದ ಕುದುರೆಬಂಡಿಯ ವಿಹಾರವನ್ನು ಕುರಿತದ್ದು. ಎತ್ತಿನ ಕೊರಳ ಗೆಜ್ಜೆಯನ್ನು ಬಲ್ಲ ಮಕ್ಕಳಿಗೆ ಆ ಗಂಟೆಯ ಸದ್ದು ದೂರದ್ದೇನಲ್ಲ.

ಇನ್ನು ಹಬ್ಬ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾದುದು: ಪರರ ಹಬ್ಬಗಳನ್ನು ಪರಿಚಯಿಸುವುದಕ್ಕೆ ಮುನ್ನ ನಮ್ಮ ಹಬ್ಬಗಳನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿಸಬೇಕು. ಹೇಳತಕ್ಕ ವಿಷಯವಿದ್ದವನಿಗೆ ಮಾತ್ರ ಭಾಷೆ ಬೇಕಾಗುತ್ತದೆ. ಪ್ರತಿವರ್ಷ ಯುಗಾದಿಯಂದು ಏನು ಮಾಡುತ್ತೀರಿ, ಹೋದ ವರ್ಷ ಏನಾಯಿತು, ಬರುವ ವರ್ಷ ಏನು ಮಾಡುವಿರಿ? ಈ ಮೂರು ಪ್ರಶ್ನೆಗಳಲ್ಲಿ ಮೂರು ಕಾಲಗಳೂ ಅಡಗಿವೆ. ಕರ್ಮಣಿ ಪ್ರಯೋಗವನ್ನೇ ತೆಗೆದುಕೊಳ್ಳೋಣ. ರಾಮನು ರಾವಣನನ್ನು ಕೊಂದನು, ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಎಂದು ವಾಕ್ಯವನ್ನು ಮಗುಚಿಹಾಕುವ ಅಭ್ಯಾಸವನ್ನು ವರ್ಷಗಟ್ಟಲೆ ಮಾಡಿಸುತ್ತೇವೆ; ಏಕೆ ಮಗುಚಬೇಕೆಂದು ಹೇಳುವುದಿಲ್ಲ. ಹೋಳಿಗೆ ಮಾಡುವ ಬಗೆಯನ್ನು ಇಂಗ್ಲಿಷಿನಲ್ಲಿ ಬರೆಸಿರಿ. ಬೇಳೆ ಬೇಯಿಸಲಾಗುತ್ತದೆ, ಕಟ್ಟು ಬಸಿಯಲಾಗುತ್ತದೆ, ಬೆಲ್ಲ ಕೂಡಿಸಿ ಹೂರಣ ಅರೆಯಲಾಗುತ್ತದೆ, ಕಣಕದಲ್ಲಿ ತುಂಬಿ ಲಟ್ಟಿಸಿ ಹಂಚಿನ ಮೇಲೆ ಬೇಯಿಸಲಾಗುತ್ತದೆ. ಮಾಡುವವರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಕ್ರಿಯೆ ಮುಖ್ಯ, ಆದ್ದರಿಂದ ಕರ್ಮಣಿ. ಕನ್ನಡದಲ್ಲಿ ಕೃತಕವಾಗಿ ಕೇಳುವ ಈ ರೂಪ ಇಂಗ್ಲಿಷಿನಲ್ಲಿ ಏಕೆ ಸಹಜವೆಂಬುದು ಆಗ ತಿಳಿಯುತ್ತದೆ. ಎಲ್ಲ ವಾಕ್ಯಗಳಿಂದಲೂ ಅಡಗಿಹೋದ ಆ ಕರ್ತೃಪದ ಯಾರದು ಎಂದು ಕೇಳಿದರೆ ಇಡೀ ತರಗತಿ ಒಂದೇ ಉತ್ತರ ಕೊಡುತ್ತದೆ: ಅವ್ವ. ಅದೂ ಒಂದು ಪಾಠವೇ.

ಜಾತ್ರೆಯ ವಿಷಯವಾಗಿ ಬರೆಸುವಾಗ ‘ತೇರು’ ಎಂಬುದಕ್ಕೆ ಯಾವ ಶಬ್ದವೆಂಬ ಪ್ರಶ್ನೆ ಬಂದೇ ಬರುತ್ತದೆ. ‘ಕಾರ್ ಫೆಸ್ಟಿವಲ್’ ಎಂಬುದು ನಮ್ಮ ದೇಶದ ಇಂಗ್ಲಿಷಿನಲ್ಲಿ ಬೇರೂರಿದ ಪ್ರಯೋಗ. ಹೊರನಾಡಿನವನು ಮೋಟಾರು ವಾಹನಗಳ ಉತ್ಸವವೆಂದು ಭಾವಿಸಬಹುದು, ಆದುದರಿಂದ ‘ಚಾರಿಯಟ್’ ಉತ್ತಮ. ಆದರೆ ಇಂಗ್ಲಿಷಿನಲ್ಲಿ ಇನ್ನೊಂದು ಶಬ್ದವಿದೆ: ‘ಜಗರ್‌ನಾಟ್’. ಅದು ಪುರಿಯ ಜಗನ್ನಾಥನ ಹೆಸರಿನಿಂದಲೇ ಹುಟ್ಟಿದ್ದು. ರಥದ ಗಾಲಿಗಳ ಕೆಳಗೆ ಭಕ್ತರು ತಾವಾಗಿ ಬಿದ್ದು ಸಾಯುವರೆಂದು ಯೂರೋಪಿನ ಪ್ರವಾಸಿಗರು ಉತ್ಪ್ರೇಕ್ಷಿಸಿ ಬರೆದ ಕಥೆಗಳ ಫಲವಾಗಿ ಆ ಶಬ್ದಕ್ಕೆ ‘ಎದುರಾದುದನ್ನೆಲ್ಲ ತುಳಿದು ಸಾಗುವ ದೈತ್ಯಶಕ್ತಿ’ ಎಂಬ ಅರ್ಥ ಬಂದಿತು. ತೇರಿನ ಹಗ್ಗಕ್ಕೆ ಕೈಹಚ್ಚಿ ಉತ್ತತ್ತಿ ಬಾಳೆಹಣ್ಣು ತೂರಿದ ಮಕ್ಕಳು ಇದನ್ನು ಕೇಳಿ ಬೆರಗಾಗುತ್ತಾರೆ, ಸಿಟ್ಟಿಗೂ ಏಳುತ್ತಾರೆ. ಆ ಸಿಟ್ಟನ್ನು ಇಂಗ್ಲಿಷಿನಲ್ಲೇ ಬರೆಯಲಿ. ನಮ್ಮನ್ನು ಕುರಿತು ಒಂದು ಭಾಷೆ ಏನು ಹೇಳಿದೆಯೆಂದು ತಿಳಿದು ಅದೇ ಭಾಷೆಯಲ್ಲಿ ಉತ್ತರ ಕೊಡುವ ಶಕ್ತಿ ಬರುವುದಾದರೆ ಇಂಗ್ಲಿಷ್ ಕಲಿತದ್ದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಹಾಡು ಹಬ್ಬಗಳಲ್ಲಿ ಕಾಲ ಕಳೆದರೆ ಪಾಠಕ್ರಮ ಮುಗಿಯುವುದೆಂತು ಎಂಬ ಆಕ್ಷೇಪಣೆ ನ್ಯಾಯವಾದುದು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಯೋಗ’ವೆಂದೇ ಜಗತ್ತಿನಲ್ಲಿ ಹೆಸರಾದ ಕಾರ್ಯವನ್ನು ಇಲ್ಲಿ ನೆನೆಯಬಹುದು. ಅವರು ಬಳಸಿದ್ದು ರೈಲಿನ ವೇಳಾಪಟ್ಟಿ, ನಕಾಶೆ ಮೊದಲಾದವುಗಳನ್ನು ಆಧರಿಸಿದ ಸಮಸ್ಯೆಗಳನ್ನು. ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣ ತಾನಾಗಿ ಬೇರೂರುತ್ತದೆಂಬುದು ಅವರ ನಿಲುವು. ಹೋಳಿಗೆಯೂ ತೇರೂ ಆ ಕೆಲಸವನ್ನು ವೇಳಾಪಟ್ಟಿಗಿಂತ ಕಡಮೆಯಾಗಿ ಮಾಡಲಾರವು. ಆದರೂ ಪತ್ರಲೇಖನ, ಕಾಗುಣಿತದ ಶುದ್ಧಿ, ದೀರ್ಘ ಗದ್ಯದ ಓದು ಇವು ಹಾಡಿನಿಂದ ಬರತಕ್ಕವಲ್ಲ. ವಾರಕ್ಕೆ ಒಂದು ಅವಧಿ ಸಾಕು. ಉಳಿದವು ಪಠ್ಯಪುಸ್ತಕಕ್ಕೇ ಇರಲಿ. ಖರ್ಚೂ ಹೆಚ್ಚಿಲ್ಲ: ಒಂದು ಧ್ವನಿವರ್ಧಕ ಪೆಟ್ಟಿಗೆ, ಪಕ್ಕದ ತರಗತಿಗೆ ತೊಂದರೆಯಾಗದಂತಹ ಒಂದು ಕೋಣೆ.

ಹತ್ತನೆಯ ತರಗತಿಯ ಕೊನೆಗೆ ಒಂದು ಪಾಠವನ್ನು ನಾನು ತಪ್ಪದೆ ಇಟ್ಟುಕೊಳ್ಳುತ್ತೇನೆ. ಎ.ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ತಮ್ಮ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ವಚನಕಾರರ ಅಂಕಿತಗಳನ್ನೂ ಅನುವಾದ ಮಾಡಿದ್ದಾರೆ. ಕೂಡಲಸಂಗಮದೇವನು ಅಲ್ಲಿ ಕೂಡುವ ನದಿಗಳ ಒಡೆಯ. ಚೆನ್ನಮಲ್ಲಿಕಾರ್ಜುನನು ಮಲ್ಲಿಗೆಯಂತೆ ಬಿಳಿಯ ಒಡೆಯ. ಹೆಸರನ್ನು ಅನುವಾದ ಮಾಡಬಹುದೇ? ಮಕ್ಕಳಲ್ಲಿ ಅರ್ಧ ಜನ ಕೂಡದೆನ್ನುತ್ತಾರೆ, ಅರ್ಧ ಜನ ಅರ್ಥವಿಲ್ಲದ ಹೆಸರಿನಿಂದ ಅನ್ಯರಿಗೆ ಏನು ತಿಳಿಯಬೇಕು ಎನ್ನುತ್ತಾರೆ. ‘ಅರ್ಜುನ’ ಎಂದರೆ ಬಿಳುಪೆಂದು ನಿಘಂಟು ತೆರೆದು ತೋರಿಸಿದ ಮೇಲೆ ವಾದ ಇನ್ನಷ್ಟು ಏರುತ್ತದೆ. ನಿಯಮ ಒಂದೇ: ವಾದವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯಬೇಕು. ವರ್ಷವಿಡೀ ಬಾಯಿ ತೆರೆಯದ ಮಕ್ಕಳೂ ಅಂದು ತಪ್ಪುತಪ್ಪಾಗಿ, ಗಟ್ಟಿಯಾಗಿ ಮಾತನಾಡುತ್ತಾರೆ. ಆ ತಪ್ಪುಗಳನ್ನು ನಾನು ಮರುದಿನದವರೆಗೆ ತಿದ್ದುವುದಿಲ್ಲ.