ನಮಾಕ್ವಾಲ್ಯಾಂಡ್‌ನಲ್ಲಿ ಕುದುರೆ ಸವಾರಿ

ನಮಾಕ್ವಾಲ್ಯಾಂಡ್ ಆಫ್ರಿಕಾ ಖಂಡದ ನೈಋತ್ಯ ಕರಾವಳಿಯ ಒಂದು ಶುಷ್ಕ ಪ್ರದೇಶವಾಗಿದೆ. ಆರೆಂಜ್ ನದಿಯು ಇದನ್ನು ಎರಡಾಗಿ ವಿಭಜಿಸುತ್ತದೆ. ನದಿಯ ಉತ್ತರಕ್ಕೆ ನಮೀಬಿಯಾದಲ್ಲಿರುವ ಭಾಗವನ್ನು ಗ್ರೇಟ್ ನಮಾಕ್ವಾಲ್ಯಾಂಡ್ ಎಂದೂ, ದಕ್ಷಿಣ ಆಫ್ರಿಕಾದಲ್ಲಿರುವ ಭಾಗವನ್ನು ಲಿಟ್ಲ್ ನಮಾಕ್ವಾಲ್ಯಾಂಡ್ ಎಂದೂ ಕರೆಯಲಾಗುತ್ತದೆ. ಇಲ್ಲಿನ ಮೂಲನಿವಾಸಿಗಳಾದ ನಾಮಾ ಜನರಿಂದ ಈ ಹೆಸರು ಬಂದಿದೆ. ದಕ್ಷಿಣ ಭಾಗವು ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಅರಳುವ ಕಾಡುಹೂಗಳಿಗೆ ಪ್ರಸಿದ್ಧವಾಗಿದ್ದು, ಈ ಋತುವಿನಲ್ಲಿ ಅದನ್ನು ವಾಹನದಲ್ಲಿ, ಕಾಲ್ನಡಿಗೆಯಲ್ಲಿ ಹಾಗೂ ಕುದುರೆಯ ಮೇಲೆ ಸುತ್ತಬಹುದಾಗಿದೆ.

ಹವಾಮಾನ ಮತ್ತು ಸಸ್ಯಸಂಪತ್ತು

ಪ್ರದೇಶದ ಬಹುಭಾಗದಲ್ಲಿ ವಾರ್ಷಿಕ ಮಳೆ 250 ಮಿ.ಮೀ.ಗಿಂತ ಕಡಿಮೆ. ಆದರೆ ಈ ಅಲ್ಪ ಮಳೆಯು ಚಳಿಗಾಲದಲ್ಲಿ, ಇತರ ಮರುಭೂಮಿಗಳಿಗೆ ಹೋಲಿಸಿದರೆ ಹೆಚ್ಚು ನಿಯಮಿತವಾಗಿ ಬೀಳುತ್ತದೆ. ನಮಾಕ್ವಾಲ್ಯಾಂಡ್ ಸೇರಿರುವ ಸಕ್ಯುಲೆಂಟ್ ಕರೂ ಜೀವವಲಯದಲ್ಲಿ 6,000ಕ್ಕೂ ಹೆಚ್ಚು ಸಸ್ಯ ಪ್ರಭೇದಗಳಿದ್ದು, ಅವುಗಳಲ್ಲಿ ಸುಮಾರು ಶೇ. 40ರಷ್ಟು ಬೇರೆಲ್ಲಿಯೂ ಕಂಡುಬರುವುದಿಲ್ಲ.

ಕಿತ್ತಳೆ ಬಣ್ಣದ ನಮಾಕ್ವಾ ಡೈಸಿ (ಡೈಮಾರ್ಫೋಥೀಕಾ ಸೈನುವಾಟಾ) ಇಲ್ಲಿನ ಅತಿ ಪರಿಚಿತ ಹೂವು. ಈ ಸಸ್ಯವು ಎರಡು ಬಗೆಯ ಬೀಜಗಳನ್ನು ಉತ್ಪಾದಿಸುತ್ತದೆ. ಎರಡರ ಮೊಳೆಯುವ ಕಾಲವೂ ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದು ಬರಗಾಲಕ್ಕೆ ಇಡೀ ಸಂತತಿ ನಾಶವಾಗುವುದು ತಪ್ಪುತ್ತದೆ. ದಟ್ಟವಾದ ಹೂಹಾಸುಗಳು ಸಾಮಾನ್ಯವಾಗಿ ಉತ್ತು ಬೀಳುಬಿಟ್ಟ ಹೊಲಗಳಲ್ಲಿ ಹಾಗೂ ಅತಿಯಾಗಿ ಮೇಯಿಸಿದ ನೆಲದಲ್ಲಿ ಕಂಡುಬರುತ್ತವೆ. ಹೀಗಾಗಿ ದೂರದಿಂದ ಕಣ್ಸೆಳೆಯುವ ಬಣ್ಣವು ಹಲವೆಡೆ ನೆಲವು ಕೆದಕಲ್ಪಟ್ಟಿರುವುದರ ಗುರುತಾಗಿದೆ. ಅಪರೂಪದ ಪ್ರಭೇದಗಳು ಬಂಡೆಗಳ ಬಿರುಕುಗಳಲ್ಲಿ ಮತ್ತು ಬೆಣಚುಕಲ್ಲಿನ ಹರಳುಗಳು ಹರಡಿದ ಬಯಲುಗಳಲ್ಲಿ ಬೆಳೆಯುತ್ತವೆ. ದಕ್ಷಿಣದ ಕ್ನೆರ್ಸ್‌ವ್ಲಾಕ್ಟೆ ಬಯಲಿನಲ್ಲಿರುವ ಆರ್ಜಿರೋಡರ್ಮಾ ಕುಲದ ಗಿಡಗಳು ಕಲ್ಲುಗಳ ನಡುವೆ ಬೆರಳ ತುದಿಯಷ್ಟೇ ಎತ್ತರಕ್ಕೆ ಬೆಳೆಯುತ್ತವೆ.

ಇತಿಹಾಸ

ಯುರೋಪಿಯನ್ನರ ಆಗಮನಕ್ಕೆ ಮೊದಲು ಇಲ್ಲಿ ಕುದುರೆಗಳಿರಲಿಲ್ಲ. ಕೊಯ್ಕೊಯ್ ಪಶುಪಾಲಕರು ಸವಾರಿಗೂ ಹೊರೆಗೂ ಎತ್ತುಗಳನ್ನು ಬಳಸುತ್ತಿದ್ದರು. 17ನೇ ಶತಮಾನದ ಮಧ್ಯಭಾಗದಲ್ಲಿ ಡಚ್ಚರು ಕೇಪ್‌ಗೆ ಕುದುರೆಗಳನ್ನು ತಂದರು. 1685ರಲ್ಲಿ ಕೇಪ್‌ನ ಆಡಳಿತಗಾರ ಸೈಮನ್ ವ್ಯಾನ್ ಡರ್ ಸ್ಟೆಲ್ ತಾಮ್ರವನ್ನು ಅರಸುತ್ತಾ ಇಂದಿನ ಸ್ಪ್ರಿಂಗ್‌ಬಾಕ್ ಪಟ್ಟಣದ ಸಮೀಪದ ಬೆಟ್ಟಗಳನ್ನು ತಲುಪಿದನು. 1902ರ ಏಪ್ರಿಲ್‌ನಲ್ಲಿ, ಎರಡನೇ ಬೋಯರ್ ಯುದ್ಧದ ಕೊನೆಯ ಹಂತದಲ್ಲಿ, ಯಾನ್ ಸ್ಮಟ್ಸ್ ನೇತೃತ್ವದ ಬೋಯರ್ ಅಶ್ವಾರೋಹಿಗಳು ಸ್ಪ್ರಿಂಗ್‌ಬಾಕ್ ಮತ್ತು ಕಾನ್‌ಕಾರ್ಡಿಯಾ ಪಟ್ಟಣಗಳನ್ನು ವಶಪಡಿಸಿಕೊಂಡು, ತಾಮ್ರದ ಗಣಿಗಳಿದ್ದ ಓಕೀಪ್‌ಗೆ ಮುತ್ತಿಗೆ ಹಾಕಿದರು. ಆ ಪಡೆಯಲ್ಲಿದ್ದ ಡೆನೀಸ್ ರೈಟ್ಸ್ ತನ್ನ ಅನುಭವಗಳನ್ನು ‘ಕಮಾಂಡೋ’ (1929) ಎಂಬ ಕೃತಿಯಲ್ಲಿ ದಾಖಲಿಸಿದ್ದಾನೆ.

ಸವಾರಿಯ ಕ್ರಮ

ಡೈಸಿ ಹೂಗಳು ಬಿಸಿಲಿಗೆ ಅರಳಿ, ಮೋಡ ಕವಿದಾಗ ಅಥವಾ ಚಳಿಯಾದಾಗ ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಸುಮಾರು 10 ಗಂಟೆಯಿಂದ ಮಧ್ಯಾಹ್ನ 3 ಗಂಟೆಯವರೆಗಿನ ಅವಧಿ ವೀಕ್ಷಣೆಗೆ ಸೂಕ್ತ. ಹೂಗಳು ಸೂರ್ಯನತ್ತ ಮುಖಮಾಡುತ್ತವೆ. ದಕ್ಷಿಣಾರ್ಧಗೋಳದಲ್ಲಿ ನಡುಹಗಲಿನ ಸೂರ್ಯ ಉತ್ತರದಲ್ಲಿರುವುದರಿಂದ, ಉತ್ತರದಿಂದ ದಕ್ಷಿಣಕ್ಕೆ ಸಾಗುವ ಸವಾರನಿಗೆ ಹೂಗಳು ಎದುರಾಗಿ ಕಾಣುತ್ತವೆ. ವಿರುದ್ಧ ದಿಕ್ಕಿನಲ್ಲಿ ಸಾಗಿದರೆ ಅದೇ ಬಯಲಿನಲ್ಲಿ ಹೂಗಳ ಹಿಂಬದಿ ಮಾತ್ರ ಕಾಣುತ್ತದೆ.

ದಾರಿಯನ್ನು ನಿರ್ಧರಿಸುವಲ್ಲಿ ನೀರಿನ ಲಭ್ಯತೆ ಮುಖ್ಯ ಅಂಶವಾಗಿದೆ. ಕುದುರೆಗೆ ದಿನಕ್ಕೆ ಸುಮಾರು 25ರಿಂದ 50 ಲೀಟರ್ ನೀರು ಬೇಕಾಗುತ್ತದೆ. ಇಲ್ಲಿನ ಹೆಚ್ಚಿನ ತೊರೆಗಳು ವರ್ಷದ ಬಹುಕಾಲ ಒಣಗಿರುತ್ತವೆ. ಮೇವಿನ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ‘ಟಲ್ಪ್’ ಎಂದು ಕರೆಯಲಾಗುವ ಮೊರೇಯಾ ಕುಲದ ಕೆಲವು ಗಿಡಗಳಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಿಷವಿದೆ. ಸ್ಥಳೀಯ ಸಸ್ಯಗಳ ಪರಿಚಯವಿಲ್ಲದ ಕುದುರೆಗಳು ಇವನ್ನು ತಿನ್ನುವ ಸಾಧ್ಯತೆ ಹೆಚ್ಚು.

ಕೀಟಗಳ ಮೂಲಕ ಹರಡುವ ಆಫ್ರಿಕನ್ ಕುದುರೆ ರೋಗವು ಈ ಉಪಖಂಡದಲ್ಲಿ ಕುದುರೆಗಳಿಗೆ ಮಾರಕವಾಗಿದೆ. ಇದು ಬೇಸಿಗೆಯ ಕೊನೆಯಲ್ಲಿ ಮತ್ತು ಶರತ್ಕಾಲದಲ್ಲಿ ಉಲ್ಬಣಿಸಿ, ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಂದ ನಂತರ ಇಳಿಮುಖವಾಗುತ್ತದೆ. ಚಳಿಗಾಲದ ಕೊನೆಗೆ ಬರುವ ಹೂವಿನ ಋತುವು ಈ ದೃಷ್ಟಿಯಿಂದ ಕಡಿಮೆ ಅಪಾಯದ ಕಾಲ. ರೋಗನಿಯಂತ್ರಣಕ್ಕಾಗಿ ವೆಸ್ಟರ್ನ್ ಕೇಪ್ ಪ್ರಾಂತದಲ್ಲಿ ನಿರ್ಬಂಧಿತ ವಲಯಗಳಿದ್ದು, ಅಲ್ಲಿಗೆ ಕುದುರೆಗಳನ್ನು ಸಾಗಿಸುವುದು ನಿಯಮಗಳಿಗೆ ಒಳಪಟ್ಟಿದೆ.

ಪರಿಸರದ ಮೇಲಿನ ಪರಿಣಾಮ

ಕುದುರೆಯ ಮೇಲೆ ಕುಳಿತವನಿಗೆ ವಿಶಾಲ ನೋಟವೂ ನಿಧಾನಗತಿಯೂ ದೊರೆಯುತ್ತವೆ. ಆದರೆ ಕುದುರೆಯ ಪೂರ್ಣ ಭಾರ ಗೊರಸಿನ ಕಿರಿದಾದ ಅಂಚಿನ ಮೇಲೆ ಬೀಳುವುದರಿಂದ, ದಾರಿ ಬಿಟ್ಟು ಸಾಗಿದರೆ ನೆಲಕ್ಕೆ ಹಾನಿಯಾಗುತ್ತದೆ. ಪಾಚಿ, ಕಲ್ಲುಹೂ ಮತ್ತು ಸೂಕ್ಷ್ಮಜೀವಿಗಳು ಸೇರಿ ಮಣ್ಣಿನ ಮೇಲೆ ರೂಪಿಸುವ ತೆಳುಪದರ ಒಮ್ಮೆ ಒಡೆದರೆ ಮರಳಿ ಕೂಡಿಕೊಳ್ಳಲು ಹಲವು ವರ್ಷಗಳು ಬೇಕು. ಕುಬ್ಜ ರಸಭರಿತ ಗಿಡಗಳು ಸವಾರನ ಕಣ್ಣಿಗೆ ಬೀಳುವ ಮೊದಲೇ ಗೊರಸಿನಡಿ ಸಿಲುಕಬಹುದು. ಲದ್ದಿಯ ಮೂಲಕ ಹೊರಗಿನ ಕಳೆಬೀಜಗಳೂ ಹರಡುತ್ತವೆ.

ಈ ಕಾರಣಗಳಿಂದ ಈಗಾಗಲೇ ಇರುವ ಬಂಡಿದಾರಿ ಹಾಗೂ ಮರಳಿನ ಹಳ್ಳಗಳಲ್ಲಿಯೇ ಸಾಗುವುದು, ಹೊರಡುವ ಕೆಲವು ದಿನಗಳ ಮೊದಲಿನಿಂದ ಕಳೆಬೀಜಗಳಿಲ್ಲದ ಮೇವು ನೀಡುವುದು ಹಾಗೂ ಬೆಣಚುಕಲ್ಲಿನ ಬಯಲು ಎದುರಾದಾಗ ಕುದುರೆಯನ್ನು ದಾರಿಯಲ್ಲಿಯೇ ನಿಲ್ಲಿಸಿ, ಇಳಿದು ಎಚ್ಚರಿಕೆಯಿಂದ ನಡೆಯುವುದು ಸೂಕ್ತವೆನಿಸಿವೆ. ರಾಷ್ಟ್ರೀಯ ಉದ್ಯಾನಗಳಲ್ಲಿ ಸವಾರಿಗೆ ಆಡಳಿತದ ಅನುಮತಿಯೂ, ಖಾಸಗಿ ಜಮೀನುಗಳಲ್ಲಿ ಮಾಲೀಕರ ಒಪ್ಪಿಗೆಯೂ ಅಗತ್ಯ.

ಅಲಂಕಾರಿಕ ಸಸ್ಯಗಳ ಮಾರುಕಟ್ಟೆಗಾಗಿ ಕೋನೋಫೈಟಮ್ ಮುಂತಾದ ಗಿಡಗಳನ್ನು ಅಕ್ರಮವಾಗಿ ಕೀಳುವುದು ಇತ್ತೀಚಿನ ವರ್ಷಗಳಲ್ಲಿ ಗಂಭೀರ ಸಮಸ್ಯೆಯಾಗಿದೆ. ಅನೇಕ ಪ್ರಭೇದಗಳು ಒಂದೇ ಬೆಟ್ಟಕ್ಕೆ ಸೀಮಿತವಾಗಿರುವುದರಿಂದ, ಅಪರೂಪದ ಗಿಡಗಳು ಕಂಡ ನಿಖರ ಸ್ಥಳವನ್ನು ಸಾರ್ವಜನಿಕವಾಗಿ ಪ್ರಕಟಿಸದಂತೆ ಸಂರಕ್ಷಣಾ ತಜ್ಞರು ಸಲಹೆ ನೀಡುತ್ತಾರೆ.