ಕೊಳಾಯಿಯ ಬಿರುಕು

ಕೊಳಾಯಿ ಸೋರಿದರೆ ನೀರು ಹೊರಕ್ಕೆ ಹೋಗುವುದೆಂದು ಎಲ್ಲರೂ ಬಲ್ಲರು. ಅದೇ ಬಿರುಕಿನಿಂದ ಕೊಳೆಯು ಒಳಕ್ಕೆ ಬರಬಹುದೆಂಬುದನ್ನು ಬಲ್ಲವರು ವಿರಳ.

ಕೊಳವೆಯಲ್ಲಿ ನೀರು ತುಂಬಿ ಹರಿಯುತ್ತಿರುವಾಗ ಒಳಗಿನ ಒತ್ತಡವು ಹೊರಗಿನದಕ್ಕಿಂತ ಅಧಿಕವಾಗಿರುತ್ತದೆ. ಆದುದರಿಂದ ನೀರು ಹೊರಚಿಮ್ಮುತ್ತದೆ. ನಮ್ಮ ಅನೇಕ ಪಟ್ಟಣಗಳಲ್ಲಿ ನೀರು ಬರುವುದು ಕೆಲವೇ ಗಂಟೆಗಳ ಕಾಲ. ಅದು ನಿಂತು, ಕೊಳವೆಯಲ್ಲಿ ಉಳಿದ ನೀರು ತಗ್ಗಿಗೆ ಇಳಿಯತೊಡಗಿದಾಗ ಒಳಗಿನ ಒತ್ತಡವು ಹೊರಗಿನ ಗಾಳಿಯ ಒತ್ತಡಕ್ಕಿಂತಲೂ ಕುಗ್ಗಬಹುದು. ಆಗ ಬಿರುಕು ಸುತ್ತಣ ಕೆಸರುನೀರನ್ನು ಹೀರಿಕೊಳ್ಳುತ್ತದೆ. ಸಮೀಪದಲ್ಲಿ ಚರಂಡಿಯಿದ್ದರೆ ವಿಷಮಶೀತಜ್ವರ, ಕಾಮಾಲೆ, ವಾಂತಿಭೇದಿಗಳ ರೋಗಾಣುಗಳೂ ಒಡನೆ ಬರಬಹುದು.

ನೆಲದೊಳಗಿನ ಸೋರಿಕೆಯನ್ನು ಕಂಡುಹಿಡಿಯುವುದು ಹೇಗೆ? ನೀರು ಬರುತ್ತಿರುವಾಗ ಮನೆಯ ನಲ್ಲಿಗಳನ್ನೂ ತೊಟ್ಟಿಗೆ ನೀರು ಬೀಳುವ ದಾರಿಯನ್ನೂ ಮುಚ್ಚಿ, ಮೀಟರಿನ ಅಂಕಿಯನ್ನು ಗುರುತಿಸಿಕೊಳ್ಳಿರಿ. ಅರ್ಧ ಗಂಟೆಯ ತರುವಾಯ ಅಂಕಿ ಮುಂದೆ ಸರಿದಿದ್ದರೆ ಮೀಟರಿನಿಂದ ಈಚೆಗೆ ಎಲ್ಲಿಯೋ ಸೋರಿಕೆಯಿದೆ.

ತುಕ್ಕು ತಿಂದ ಕಬ್ಬಿಣದ ಕೊಳವೆಗೆ ಸೈಕಲ್ ಟ್ಯೂಬು ಸುತ್ತುವುದು ತಾತ್ಕಾಲಿಕ ಉಪಾಯವಷ್ಟೆ. ಆ ತುಂಡನ್ನೇ ಕತ್ತರಿಸಿ ಬದಲಿಸಬೇಕು. ಹೊಸ ಕೊಳವೆಯನ್ನು ಚರಂಡಿಯಿಂದ ದೂರವಾಗಿ, ಅದಕ್ಕಿಂತ ಮೇಲ್ಮಟ್ಟದಲ್ಲಿ ಹಾಯಿಸಬೇಕು. ದುರಸ್ತಿಯ ಬಳಿಕ ಮೊದಲು ಬರುವ ಕಲಕುನೀರನ್ನು ಹರಿಯಬಿಡಬೇಕು. ಇದೆಲ್ಲ ಮುಗಿಯುವವರೆಗೆ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯುವುದು ಕ್ಷೇಮ.